ಪಿ ಎಲ್ ಬೈ ಫೋರ್

ಮದುವೆಗೆ ಮುಂಚೆ ಹುಡುಗಿಯ ಮನೆಯವರಿಗೆ ‘ಹುಡುಗ ಇಂಜಿನಿಯರ್’ ಅಂತ ಹೇಳಿದ್ದರು. ಅದು ಸುಳ್ಳಲ್ಲ. ಸಿವಿಲ್ ಇಂಜಿನಿಯರಿಂಗ್ ಪಾಸು ಮಾಡಿ, ಅಂಕಪಟ್ಟಿಯ ಶಾಯಿ ಆರುವ ಮೊದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಹವಾನಿಯಂತ್ರಿತ ಮಹಡಿ ಹತ್ತಿದವನು ನಾನು. ಆಮೇಲೆ ಒಂದು ಬಾಣಲೆ ಕಾಂಕ್ರೀಟು ಕಂಡಿದ್ದಿಲ್ಲ. ಬೆಂಗಳೂರಿನಲ್ಲಿ ಇಂಥವರು ಲಿಫ್ಟಿಗೆ ನಾಲ್ಕು ಜನ ಸಿಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಶಿರಸಿ ಸೀಮೆಯ ಅಡಿಕೆ ತೋಟದ ನಡುವೆ ಇರುವ ಮಾವನ ಮನೆಯಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್. ಪಂಪ್‌ಸೆಟ್ಟು ನೀರೆತ್ತದಿದ್ದರೂ ನನ್ನನ್ನೇ ಕರೆಯುತ್ತಾರೆ, ಇನ್ವರ್ಟರ್ ಕಿರುಚಿದರೂ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ ಹುಬ್ಬು ಗಂಟಿಕ್ಕಿ ನೋಡಿ, ಸ್ವಿಚ್ಚು ಆರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಮತ್ತೆ ಹಾಕುತ್ತೇನೆ. ಸಾಫ್ಟ್‌ವೇರಿನಲ್ಲಿ ಕಲಿತ ಈ ಒಂದೇ ವಿದ್ಯೆಯಿಂದ ಅಲ್ಲಿ ನನ್ನ ಮರ್ಯಾದೆ ಬಹಳ ಕಾಲ ಉಳಿದಿತ್ತು.

ಮಾವನಿಗೆ ಸೇತುವೆಯ ಚಿಂತೆ ಹತ್ತಿದ್ದು 2024ರ ಆಗಸ್ಟಿನಲ್ಲಿ. ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿದು, ಮೇಲಿದ್ದ ಲಾರಿ ಹೊಳೆಗೆ ಬಿತ್ತು. ಚಾಲಕನನ್ನು ಜೀವಂತ ಮೇಲೆತ್ತಿದರು. ಆ ಸುದ್ದಿ ಓದಿದ ಮೇಲೆ ಮಾವ ಯಾವ ಸೇತುವೆ ಬಂದರೂ ಕಾರು ನಿಲ್ಲಿಸಲು ಹೇಳುತ್ತಾರೆ. ಎದುರಿನಿಂದ ಲಾರಿ ಬರುತ್ತಿದ್ದರೆ, “ಅದು ದಾಟ್ಲಿ, ಆಮೇಲೆ ನಾವು ಹೋಪ” ಅನ್ನುತ್ತಾರೆ. ಹಿಂದೆ ಬಸ್ಸಿನವನು ಹಾರ್ನು ಬಾರಿಸಿ ಬಾರಿಸಿ ಸೋಲುತ್ತಾನೆ. ನಿಜ ಹೇಳಬೇಕೆಂದರೆ ಮಾವನ ಈ ಪದ್ಧತಿಯಲ್ಲಿ ತಪ್ಪೇನಿಲ್ಲ. ಒಂದು ಕಮಾನಿನ ಉದ್ದದಲ್ಲಿ ಎರಡು ಭಾರ ಒಟ್ಟಿಗೆ ಬಂದರೆ ಒಂದಕ್ಕಿಂತ ಜಾಸ್ತಿ ಅನ್ನುವುದನ್ನು ನಮಗೆ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕಲಿಸಿದ್ದರು.

ಆ ವರ್ಷ ದೊಡ್ಡಹಬ್ಬಕ್ಕೆ ಹೋದಾಗ ಅಂಗಳದಲ್ಲಿ ಹೊಸದೊಂದು ಮೋಟಾರು ಕೈಗಾಡಿ ನಿಂತಿತ್ತು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಸಮೇತ. ಅಡಿಕೆ ಕೊನೆ ಹೊರುವ ಆಳು ಸಿಗದೆ ಮಾವ ಕೊಂಡದ್ದು. ಗಾಡಿಯ ತೂಕ 150 ಕಿಲೋ. ಅದರ ಮೇಲೆ 250 ಕಿಲೋ ಕೊನೆ ಹೇರಬಹುದು. ತೋಟಕ್ಕೂ ಮನೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ನಾಲ್ಕು ಇಡೀ ಮರ ಉದ್ದಕ್ಕೆ ಹಾಕಿ, ಮೇಲೆ ದಬ್ಬೆ ಹಾಸಿ, ಹುರಿಯಿಂದ ಕಟ್ಟಿದ್ದು. ದರೆಯಿಂದ ದರೆಗೆ ಐದು ಮೀಟರ್.

“ಅಳಿಯಂದ್ರೇ, ಈ ಗಾಡಿ ನಮ್ಮ ಸಂಕದ ಮೇಲೆ ಹೋಗ್ತದಾ ಹೇಗೆ? ನಿಮ್ಮದು ಅದೇ ಓದು ಅಲ್ದಾ?”

ಹದಿನೈದು ವರ್ಷಗಳಿಂದ ಯಾರೂ ಕೇಳದ ಪ್ರಶ್ನೆ. ಅದಕ್ಕೆ ಸ್ವಿಚ್ಚು ಇರಲಿಲ್ಲ. ಆದರೆ ‘ಹೋಗ್ತದೆ’ ಅಂದು ಸುಮ್ಮನಾಗುವ ಬದಲು ನಾನು ಸೀಮೆಸುಣ್ಣ ಕೇಳಿದೆ.

ಜಗಲಿಯ ಕೆಂಪು ಗಾರೆಯ ಮೇಲೆ ಒಂದು ಗೀಟು ಎಳೆದೆ. ಅದು ಸಂಕ. ಗೀಟಿನ ಎರಡು ತುದಿಗೆ ಎರಡು ತ್ರಿಕೋನ. ಅವು ದರೆಗಳು. ಮೇಲಿನಿಂದ ಕೆಳಕ್ಕೆ ಒಂದು ಬಾಣ. ಅದು ಗಾಡಿ. ಮಾವ, ಭಾವ, ಪಕ್ಕದ ಮನೆಯ ಇಬ್ಬರು ಹಿರಿಯರು, ಮರ ಹತ್ತಲು ಬಂದಿದ್ದ ಕೊನೆಗೌಡ, ಎಲ್ಲರೂ ಸುತ್ತ ಕೂತರು.

“ಹಳ್ಳ ಎಲ್ಲಿ?” ಅಂದ ಕೊನೆಗೌಡ.

“ಲೆಕ್ಕಕ್ಕೆ ಹಳ್ಳ ಬೇಡ.”

“ಹಳ್ಳ ಇಲ್ದೇ ಹೋದ್ರೆ ಸಂಕ ಎಂತಕ್ರಾ?”

ಈ ಪ್ರಶ್ನೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ. ಪಾಠ ಶುರುವಾಗಿತ್ತು.

ಗಾಡಿ ಹೇರು ಸೇರಿ 400 ಕಿಲೋ. ಅದು ಸಂಕದ ನಟ್ಟನಡುವೆ ನಿಂತರೆ ಈಚೆ ದರೆಗೆ 200, ಆಚೆ ದರೆಗೆ 200. ಈಚೆ ದರೆಯಿಂದ ಒಂದು ಮೀಟರ್ ದೂರದಲ್ಲಿದ್ದರೆ ಈಚೆಗೆ 320, ಆಚೆಗೆ ಬರೀ 80. ಇದಕ್ಕೆ ಇಂಜಿನಿಯರಿಂಗ್ ಬೇಡ, ಕಾವಡಿ ಹೊತ್ತವರಿಗೆಲ್ಲ ಗೊತ್ತು. ನಮ್ಮ ಕಸುಬು ಶುರುವಾಗುವುದು ಇದರ ಮುಂದೆ. ಭಾರ ದರೆಗೆ ತಲುಪಬೇಕಾದರೆ ಮರದ ಮೈಯೊಳಗಿಂದ ಹೋಗಬೇಕಲ್ಲ? ಹೋಗುವಾಗ ಮರವನ್ನು ಬಾಗಿಸುತ್ತದೆ. ಆ ಬಾಗಿಸುವ ತಾಕತ್ತಿಗೆ ಬೆಂಡಿಂಗ್ ಮೊಮೆಂಟ್ ಅನ್ನುತ್ತೇವೆ. ನಡುವೆ ನಿಂತ ಭಾರಕ್ಕೆ ಅದರ ಸೂತ್ರ ಪಿ ಎಲ್ ಬೈ ಫೋರ್: ಭಾರವನ್ನು ಉದ್ದದಿಂದ ಗುಣಿಸಿ ನಾಲ್ಕರಿಂದ ಭಾಗಿಸುವುದು. 400 ಗುಣಿಸು 5 ಭಾಗಿಸು 4, ಅಂದರೆ 500 ಕಿಲೋ-ಮೀಟರು. ದೂರದ ಕಿಲೋಮೀಟರು ಅಲ್ಲ ಎಂದು ಭಾವನಿಗೆ ಬಿಡಿಸಿ ಹೇಳಬೇಕಾಯಿತು. ಅದೇ ಗಾಡಿ ಒಂದು ಮೀಟರ್ ದೂರದಲ್ಲಿದ್ದರೆ ಅದರ ಕೆಳಗೆ 320. ಅದೇ 400 ಕಿಲೋ ಅಡಿಕೆಯನ್ನು ಸಂಕದ ಉದ್ದಕ್ಕೂ ಸಮನಾಗಿ ಹರವಿಟ್ಟರೆ ನಡುವಿನ ಮೊಮೆಂಟು ಅರ್ಧಕ್ಕಿಳಿದು 250 ಆಗುತ್ತದೆ. ತೂಕ ಒಂದೇ, ಸಂಕ ಒಂದೇ. ನಿಂತ ಜಾಗ ಮಾತ್ರ ಬೇರೆ.

“ಅಂದ್ರೆ ಮಧ್ಯದಲ್ಲಿ ನಿಲ್ಲೂದು ಅಪಾಯ. ಬುಡದಲ್ಲಿ ನಿಂತ್ರೆ?” ಅಂದರು ಭಾವ.

“ಬುಡದಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆ.”

ಈ ಉತ್ತರವನ್ನು ಇವತ್ತು ಯಾವ ಪರೀಕ್ಷೆಯಲ್ಲಿ ಬರೆದರೂ ಪೂರ್ತಿ ಅಂಕ ಸಿಗುತ್ತದೆ. ಜಗಲಿಯಲ್ಲೂ ಸಿಕ್ಕಿತು. ಹಿರಿಯರೊಬ್ಬರು ಕವಳ ಉಗಿದು ಬಂದು ಮತ್ತೆ ಕೂತರು. ಹಳ್ಳಿಯ ಲೆಕ್ಕದಲ್ಲಿ ಅದು ಒನ್ಸ್ ಮೋರ್.

ಅಲ್ಲಿಗೆ ನಿಲ್ಲಿಸಿದ್ದರೆ ಕೆಟ್ಟು ಹೋಗುತ್ತಿರಲಿಲ್ಲ. ಆದರೆ ಕೇಳುವವರು ಸಿಕ್ಕ ಇಂಜಿನಿಯರು ಸುಮ್ಮನಿರುವುದುಂಟೆ? ಮರ ಬಾಗಿದಾಗ ಮೇಲ್ಮೈ ಒತ್ತುತ್ತದೆ, ತಳಮೈ ಜಗ್ಗುತ್ತದೆ, ನಟ್ಟನಡುವಿನ ತಿರುಳಿಗೆ ಎರಡೂ ಇಲ್ಲ ಎಂದೆ. ಅಡಿಕೆ ಮರದ ಗಟ್ಟಿತನವೆಲ್ಲ ಹೊರಗಿನ ಪದರದಲ್ಲಿದೆ, ಒಳಗೆ ಬೆಂಡು. ಕೆಲಸ ಇರುವಲ್ಲಿ ಗಟ್ಟಿ, ಕೆಲಸ ಇಲ್ಲದಲ್ಲಿ ಪೊಳ್ಳು. ಇಂಥದನ್ನೇ ನಾವು ಕಬ್ಬಿಣದಲ್ಲಿ ಮಾಡಿ ‘ಐ ಬೀಮ್’ ಅಂತ ಮಾರುತ್ತೇವೆ ಎಂದಾಗ ಮಾವ ತೋಟದ ಕಡೆ ಹೊಸ ಗೌರವದಿಂದ ನೋಡಿದರು. ಹಲಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ಯಾಕೆ ಬಾಗುವುದಿಲ್ಲ ಎಂದೂ ತೋರಿಸಿದೆ. ದಪ್ಪ ಇಮ್ಮಡಿಯಾದರೆ ತಾಕತ್ತು ನಾಲ್ಕು ಪಟ್ಟು, ಬಾಗು ಎಂಟರಲ್ಲೊಂದು ಪಾಲು. ತೋರಿಸಲು ಬಳಸಿದ್ದು ಅತ್ತೆಯ ರೊಟ್ಟಿ ಮಣೆ. ಅದು ಆಮೇಲೆ ಅಡುಗೆಮನೆಗೆ ವಾಪಸು ಹೋದಾಗ ಒಳಗಿನಿಂದ ಕೇಳಿಬಂದ ಮಾತು ಇಲ್ಲಿ ಬೇಡ.

ಕಲ್ಲಿಗೆ ಜಗ್ಗಾಟ ತಡೆಯುವ ಶಕ್ತಿ ಕಡಿಮೆ. ಅದಕ್ಕೇ ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದ ಕಾವೇರಿಗೆ ಕಟ್ಟಿಸಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿರುವುದು. ಕಂಬದಿಂದ ಕಂಬಕ್ಕೆ ದೂರ ಕಡಿಮೆಯಾದರೆ ಹಾಸುಗಲ್ಲಿಗೆ ಬಾಗುವ ಪ್ರಮೇಯ ಕಡಿಮೆ. “ಪೂರ್ಣಯ್ಯನವರು ಸಿವಿಲ್ಲಾ?” ಎಂದು ಕೇಳಿದರು ಭಾವ. ಅವರು ಲೆಕ್ಕಪತ್ರದ ಕಡೆಯವರು ಎಂದು ಹೇಳಲು ಮನಸ್ಸಾಗಲಿಲ್ಲ.

ಮಾವನ ಕುತೂಹಲ ಹೆದ್ದಾರಿಗೆ ಹೊರಳಿತು. ಸರ್ಕಾರದ ಸೇತುವೆಗೆ ಯಾವ ಗಾಡಿಯ ಲೆಕ್ಕ ಹಿಡಿಯುತ್ತಾರೆ? ಇಲ್ಲಿ ನಾನು ನಿಜವಾಗಿ ಅರಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಯಲ್ಲಿ ‘ಕ್ಲಾಸ್ ಎ’ ಅನ್ನುವ ಒಂದು ಕಾಲ್ಪನಿಕ ವಾಹನ ಇದೆ. ಎಂಟು ಅಚ್ಚು. ಮುಂದಿನ ಎರಡಕ್ಕೆ 2.7 ಟನ್, ಆಮೇಲೆ ಎರಡಕ್ಕೆ 11.4 ಟನ್, ಹಿಂದಿನ ನಾಲ್ಕಕ್ಕೆ 6.8 ಟನ್, ಒಟ್ಟು 55.4 ಟನ್. ಇಂಥ ಲಾರಿ ಯಾವ ರಸ್ತೆಯಲ್ಲೂ ಓಡುವುದಿಲ್ಲ, ಯಾವ ಆರ್‌ಟಿಒದಲ್ಲೂ ನೋಂದಣಿ ಆಗಿಲ್ಲ. ಅದು ಓಡುವುದು ಕಾಗದದ ಮೇಲೆ ಮಾತ್ರ. ಸೇತುವೆಯ ಒಂದೊಂದು ಜಾಗವನ್ನು ಹಿಡಿದು, ಈ ಲಾರಿ ಎಲ್ಲಿ ನಿಂತರೆ ಆ ಜಾಗಕ್ಕೆ ಅತಿ ಹೆಚ್ಚು ತೊಂದರೆ ಎಂದು ಹುಡುಕುತ್ತ ಅದನ್ನು ಹಿಂದೆ ಮುಂದೆ ಸರಿಸುವುದೇ ನಮ್ಮ ಕೆಲಸ. ಅದು ಸಾಲದೆಂದು 70 ಟನ್ನಿನ ಸರಪಳಿ ಗಾಡಿ ಬೇರೆ. ಯುದ್ಧದ ಟ್ಯಾಂಕು ಅಂದುಕೊಳ್ಳಿ. ನಮ್ಮ ಸೀಮೆಯ ಸೇತುವೆಯ ಮೇಲೆ ಟ್ಯಾಂಕು ಯಾಕೆ ಬರುತ್ತದೆ ಎಂದು ಹಿರಿಯರೊಬ್ಬರಿಗೆ ಗಾಬರಿಯಾಯಿತು.

ನನಗೆ ಆ ಸಂಹಿತೆಯಲ್ಲಿ ತುಂಬ ಇಷ್ಟವಾದದ್ದು ಜಾತ್ರೆಯ ವಿಚಾರ. ಸೇತುವೆಯ ಪಾದಚಾರಿ ಪಟ್ಟಿಗೆ ಚದರ ಮೀಟರಿಗೆ 400 ಕಿಲೋ ಜನಭಾರ ಹಿಡಿಯಿರಿ, ಹತ್ತಿರದಲ್ಲಿ ಯಾತ್ರಾಸ್ಥಳವೋ ದೊಡ್ಡ ಜಾತ್ರೆಯೋ ಇದ್ದರೆ 500 ಹಿಡಿಯಿರಿ ಎನ್ನುತ್ತದೆ ಅದು. ಬರೆದವರು ಯಾರೋ, ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಿನಲ್ಲಿ ಒಮ್ಮೆ ಸಿಕ್ಕಿಬಿದ್ದವರೇ ಇರಬೇಕು ಎಂದು ನನ್ನ ಗುಮಾನಿ. ಒಂದು ಕಾರು ನಿಲ್ಲುವ ಹತ್ತು ಚದರ ಮೀಟರಿನಲ್ಲಿ ಕಾರಿನ ತೂಕ ಒಂದೂಕಾಲು ಟನ್. ಅಷ್ಟೇ ಜಾಗದಲ್ಲಿ ಜಾತ್ರೆಯ ಜನ ತುಂಬಿದರೆ ಐದು ಟನ್! 1987ರ ಮೇ 24ರಂದು ಅಮೆರಿಕದ ಗೋಲ್ಡನ್ ಗೇಟ್ ಸೇತುವೆಗೆ ಐವತ್ತು ತುಂಬಿದಾಗ ವಾಹನ ನಿಲ್ಲಿಸಿ ಜನರನ್ನು ಬಿಟ್ಟರು. ಸುಮಾರು ಮೂರು ಲಕ್ಷ ಮಂದಿ ಸೇತುವೆ ಮೇಲೆ ಸೇರಿಕೊಂಡು, ಮೇಲಕ್ಕೆ ಉಬ್ಬಿದ್ದ ಅದರ ನಡುಭಾಗ ಸಪಾಟಾಗಿ ಹೋಯಿತು. ಲಾರಿಗಳಿಂದ ಆಗದ್ದು ಹುಟ್ಟುಹಬ್ಬಕ್ಕೆ ಬಂದ ನೆಂಟರಿಂದ ಆಯಿತು.

“ಹಾಗಾದ್ರೆ ಗಾಡಿಗೆ ಹೆದರೂದು ಬೇಡ. ಜನರಿಗೆ ಹೆದರ್ಕು,” ಅಂದರು ಮಾವ. ಆ ಇಡೀ ಮಧ್ಯಾಹ್ನ ಜಗಲಿಯಲ್ಲಿ ಆಡಿದ ಮಾತುಗಳಲ್ಲಿ ಕೆಲಸಕ್ಕೆ ಬರುವಂಥದ್ದು ಅದೊಂದೇ. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಲೆಕ್ಕ ಮುಂದುವರಿಯಿತು. ಗಾಡಿ ನಿಂತಿರುವುದಿಲ್ಲ, ದಡಬಡ ಓಡುತ್ತದೆ. ಅದಕ್ಕೆ ‘ಇಂಪ್ಯಾಕ್ಟ್’ ಸೇರಿಸಬೇಕು. ಕಾಂಕ್ರೀಟು ಸೇತುವೆಗೆ 4.5 ಭಾಗಿಸು 6 ಕೂಡಿಸು ಉದ್ದ. ಐದು ಮೀಟರಿಗೆ ಶೇ. 41 ಬಂತು. ಸಂಹಿತೆಯಲ್ಲಿ ಅಡಿಕೆ ಮರಕ್ಕೆ ಅಧ್ಯಾಯ ಇಲ್ಲವಾದ್ದರಿಂದ ಅದನ್ನೇ ಹಿಡಿದೆ. 400 ಹೋಗಿ 564 ಆಯಿತು.

ಆಮೇಲೆ ಈ ಭಾರವನ್ನು ನಾಲ್ಕು ಮರಗಳಿಗೆ ಹಂಚಬೇಕು. ಕೂರ್ಬೋನ್ ಎಂಬ ಫ್ರೆಂಚರವನ ಹೆಸರಿನ ವಿಧಾನ ಅದಕ್ಕಿದೆ. ಭಾರ ಸಂಕದ ನಡುಗೆರೆಯಲ್ಲಿದ್ದರೆ ನಾಲ್ಕಕ್ಕೂ ಸಮಪಾಲು. ಒಂದು ಬದಿಗೆ ಸರಿದರೆ ಆ ಬದಿಯ ಮರಕ್ಕೆ ಜಾಸ್ತಿ. ನಮ್ಮ ಮರಗಳು ಒಂದಕ್ಕೊಂದು ಮೂವತ್ತು ಸೆಂಟಿಮೀಟರ್ ದೂರ. ಗಾಡಿ ಮೂವತ್ತು ಸೆಂಟಿಮೀಟರ್ ಬದಿಗೆ ಸರಿದರೆ ಆ ಅಂಚಿನ ಮರಕ್ಕೆ ಶೇ. 55 ಭಾರ ಬೀಳುತ್ತದೆ. ಆಚೆ ಅಂಚಿನ ಮರಕ್ಕೆ ಸೊನ್ನೆಗಿಂತ ಐದು ಕಡಿಮೆ! ಮದುವೆಮನೆಯಲ್ಲಿ ಒಬ್ಬನೇ ಬಾಳೆಎಲೆಯಿಂದ ಬಣ್ಣದ ಚಪ್ಪರದವರೆಗೆ ಓಡಾಡಿ ಸಾಯುವಾಗ ಇನ್ನೊಬ್ಬ ಕೆಲಸ ಮಾಡದ್ದಲ್ಲದೆ ‘ನಾನು ಹೊರಡ್ತೆ’ ಎಂದು ಎದ್ದು ನಿಲ್ಲುತ್ತಾನಲ್ಲ, ಆಚೆ ಮರದ್ದು ಅದೇ ನಡತೆ. ಹೊರುವುದು ಬಿಟ್ಟು ಮೇಲೇಳಲು ನೋಡುತ್ತದೆ. ಇದು ಹೀಗೆ ಆಗಬೇಕಾದರೆ ಮರಗಳನ್ನು ಬಿಗಿಯಾದ ಅಡ್ಡಪಟ್ಟಿಗಳು ಹಿಡಿದಿರಬೇಕು ಎಂದು ಕೂರ್ಬೋನನ ಷರತ್ತು. ನಮ್ಮಲ್ಲಿ ಇದ್ದದ್ದು ತೆಂಗಿನ ಹುರಿ. ಗಟ್ಟಿ ಬಿಗಿದಿದೆಯೆಂದು ಕೊನೆಗೌಡ ಜಗ್ಗಿ ನೋಡಿ ಹೇಳಿದ. ಹುರಿಯನ್ನು ಅಡ್ಡಪಟ್ಟಿ ಅಂತ ಬರೆದುಕೊಂಡೆ.

ಎಲ್ಲ ಕೂಡಿ ಕಳೆದು ಅಂಚಿನ ಮರಕ್ಕೆ ಬರುವ ಮೊಮೆಂಟು ಸುಮಾರು 390 ಎಂದಾಯಿತು. “ಮರ ಮುರಿಯುವುದಿಲ್ಲ” ಎಂದು ಘೋಷಿಸಿ ಕೆಳಗೆ ಸಹಿ ಹಾಕಿದೆ. ಕಾಗದವಾಗಿದ್ದರೆ ಸರಿ, ಜಗಲಿಯ ಮೇಲೆ ಸಹಿ ಯಾಕೆ ಹಾಕಿದೆನೋ! ಮರುದಿನ ಗೋಪೂಜೆಗೆ ಸಾರಿಸುವವರೆಗೂ ಅದು ಅಲ್ಲೇ ಇತ್ತು. ಅಷ್ಟರಲ್ಲಿ ಊರಿನ ಅರ್ಧ ಜನ ಅದನ್ನು ನೋಡಿಕೊಂಡು ಹೋಗಿದ್ದರು.

ಗಾಡಿ ದಾಟಿಸುವ ಹೊತ್ತಿಗೆ ಮಳೆ ಒಂದು ಜಡಿ ಹೊಡೆದು ನಿಂತಿತ್ತು. ಹಬ್ಬಕ್ಕೆ ಬಂದ ನೆಂಟರು, ಮಕ್ಕಳು, ಪಕ್ಕದ ಕೇರಿಯವರು ಹಳ್ಳದ ಹತ್ತಿರ ಸೇರಿದರು. ನಾನು ಪ್ಯಾಂಟು ಮಡಚಿ, ಟೇಪು ಹಿಡಿದು ಸಂಕದ ತುದಿಯಲ್ಲಿ ನಿಂತೆ. ನಡುವಿಗೆ ಒಂದು ಕೋಲು ಕಟ್ಟಿ ಬಾಗು ಅಳೆಯುವ ಏರ್ಪಾಡೂ ಆಗಿತ್ತು. ನೋಡಲು ಬಂದವರು ಒಬ್ಬೊಬ್ಬರಾಗಿ ಸಂಕ ಹತ್ತತೊಡಗಿದರು.

“ಮಧ್ಯಕ್ಕೆ ಹೋಗಬೇಡಿ! ಬುಡದಲ್ಲೇ ನಿಲ್ಲಿ! ಬುಡದಲ್ಲಿ ಸೊನ್ನೆ!” ಎಂದು ನಾನೇ ಕೂಗಿದೆ.

ಜನ ಕೇಳಿದರು. ನನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಏಳೆಂಟು ಮಂದಿ ನನ್ನ ಸುತ್ತ, ತುದಿಯ ಒಂದು ಮೀಟರಿನಲ್ಲಿ ಒತ್ತಿ ನಿಂತರು. ಎದುರು ದರೆಯ ಮೇಲೆ ಕೊನೆಗೌಡ ಮೊಬೈಲ್ ಹಿಡಿದು ವಿಡಿಯೋಕ್ಕೆ ಸಜ್ಜಾದ. ಭಾವ ಗಾಡಿ ಸ್ಟಾರ್ಟ್ ಮಾಡಿ, “ಬಂದೆ” ಅಂದು, ನಮ್ಮ ಹಿಂದಿನಿಂದ ಮುಂದಿನ ಚಕ್ರವನ್ನು ಮೆತ್ತಗೆ ಸಂಕದ ಮೇಲೆ ಇಟ್ಟರು.

ನನ್ನ ಕಣ್ಣು ನಡುವಿನ ಕೋಲಿನ ಮೇಲಿತ್ತು. ಕೋಲು ಅಲ್ಲಾಡಲಿಲ್ಲ. ಅಲ್ಲಾಡಿದ್ದು ನನ್ನ ಕಾಲಡಿ. ಮೊದಲು ದರೆಯ ಒಂದು ಏಡಿ ಬಿಲದಿಂದ ಬುಳುಬುಳು ಕೆಸರು ನೀರು ಹೊರಬಂತು. ಅದರ ಹಿಂದೆ ಏಡಿಯೇ ಹೊರಬಂದು, ಅಡ್ಡಡ್ಡ ನಡೆದು, ಮೇಲಿನ ಕಲ್ಲಿಗೆ ಹತ್ತಿಕೊಂಡಿತು. ಆಮೇಲೆ ಕಪ್ಪು ಮಣ್ಣಿನ ಒಂದು ಹೆಂಟೆ, ಅದರ ಮೇಲೆ ಹುಲ್ಲು ಸಮೇತ, ಅವಸರವೇ ಇಲ್ಲದೆ ಜಾರಿತು. ಅದರ ಹಿಂದೆ ನಾಲ್ಕು ಮರ, ಮರದ ಮೇಲೆ ದಬ್ಬೆ, ದಬ್ಬೆಯ ಮೇಲೆ ನಾವು. ಮೊಣಕಾಲುದ್ದ ನೀರು, ಯಾರಿಗೂ ಪೆಟ್ಟಾಗಲಿಲ್ಲ. ಭಾವ ಗಾಡಿಯ ಹ್ಯಾಂಡಲ್ ಬಿಟ್ಟು ಹಾರಿದ್ದರಿಂದ ಬಚಾವು. ಅಡಿಕೆ ಕೊನೆಗಳು ಮಾತ್ರ ನಮ್ಮ ಬೆನ್ನ ಮೇಲೆ ಒಂದೊಂದಾಗಿ ಬಂದು ಬಿದ್ದವು.

ಮೇಲಿನಿಂದ ಮಾವನ ದನಿ ಬಂತು: “ಅಳಿಯಂದ್ರೇ, ಎಷ್ಟು ಬಾಗ್ತು?”

“ಬಾಗಲೇ ಇಲ್ಲ ಮಾವ,” ಎಂದೆ ನೀರಿನೊಳಗಿಂದ.

ಅದೂ ನಿಜ. ನಾಲ್ಕೂ ಮರ ಗಟ್ಟಿಯಾಗಿದ್ದವು. ಗೀಟಿಗೆ ಏನೂ ಆಗಿರಲಿಲ್ಲ, ಹೋದದ್ದು ತ್ರಿಕೋನ. ಭಾರ ತುದಿಯಲ್ಲಿದ್ದಾಗ ಬಾಗು ಸೊನ್ನೆ ಅನ್ನುವುದು ಎಷ್ಟು ನಿಜವೋ, ಆ ಗಳಿಗೆಯಲ್ಲಿ ಪೂರ್ತಿ ಭಾರ ಆ ಒಂದೇ ದರೆಯ ಮೇಲೆ ಅನ್ನುವುದೂ ಅಷ್ಟೇ ನಿಜ. ಗಾಡಿಯ ಪಾಲು, ಜೊತೆಗೆ ನಾನು ಕೂಗಿ ಕರೆದು ನಿಲ್ಲಿಸಿಕೊಂಡ ಜಾತ್ರೆಯ ಪಾಲು. ಮಳೆಗಾಲವಿಡೀ ಹಳ್ಳ ಆ ದರೆಯ ಬುಡವನ್ನು ಕೊರೆದಿತ್ತು, ಮಿಕ್ಕದ್ದನ್ನು ಏಡಿಗಳು ಕೊರೆದಿದ್ದವು. ಜಗತ್ತಿನಲ್ಲಿ ಸೇತುವೆಗಳು ಬೀಳುವ ಮುಖ್ಯ ಕಾರಣಗಳಲ್ಲಿ ಇದೂ ಒಂದು, ಬುಡದ ಮಣ್ಣನ್ನು ನೀರು ಕೊಚ್ಚುವುದು. ‘ಸ್ಕೌರ್’ ಅನ್ನುತ್ತೇವೆ. ಅದಕ್ಕೂ ಪಾಠ ಇತ್ತು, ಏಳನೇ ಸೆಮಿಸ್ಟರಿನಲ್ಲಿ. ಆಗ ನಾನು ಕ್ಯಾಂಪಸ್ ಸಂದರ್ಶನಕ್ಕೆ ಜಾವಾ ಓದುತ್ತಿದ್ದೆ.

ಬಿಸಿನೀರು ಮಿಂದು ಬಂದಾಗ ಅತ್ತೆ ಕಷಾಯ ಕೊಟ್ಟು, ಸಮಾಧಾನದ ದನಿಯಲ್ಲಿ, “ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ್ರಂತೆ. 2017ರಲ್ಲಿ ಪದ್ಮಶ್ರೀನೂ ಬಂತಂತೆ. ಅವರೂ ನಿಮ್ಮ ಹಾಗೇ ಸಿವಿಲ್ಲಾ?” ಎಂದು ಕೇಳಿದರು.

“ಮೆಕ್ಯಾನಿಕಲ್,” ಎಂದೆ.

ಅತ್ತೆ ಇನ್ನೇನೂ ಕೇಳದೆ ಒಳಗೆ ಹೋದರು.

ಕೊನೆಗೌಡನ ವಿಡಿಯೋ ಹಬ್ಬ ಮುಗಿಯುವುದರೊಳಗೆ ನನ್ನ ಬೆಂಗಳೂರಿನ ಆಫೀಸಿಗೂ ತಲುಪಿತು. ಆದರೆ ಅವನಿಗೆ ನನ್ನ ಲೆಕ್ಕದ ಮೇಲಿನ ವಿಶ್ವಾಸ ಕುಂದಲಿಲ್ಲ. ಹೋದ ಹೋದ ತೋಟದಲ್ಲೆಲ್ಲ “ಪಿಯೆಲ್ಲು ಬೈಪೋರು” ನೋಡದೆ ಸಂಕ ಹಾಕಬೇಡಿ ಎನ್ನುತ್ತಾನಂತೆ. ಮರ ಮುರಿಯುವುದಿಲ್ಲ ಎಂದಿದ್ದೆ, ಮುರಿಯಲಿಲ್ಲ. ಅವನ ಮಟ್ಟಿಗೆ ಅಷ್ಟೇ ವಿಚಾರ.

ಮುಂದಿನ ಬೇಸಿಗೆಯಲ್ಲಿ ಮಾವ ಎರಡೂ ದರೆಗೆ ಕೆಂಪುಕಲ್ಲು ಕಟ್ಟಿಸಿ, ಬುಡಕ್ಕೆ ದೊಡ್ಡ ಹಾಸುಗಲ್ಲು ಕೂರಿಸಿ, ಹುರಿಯ ಬದಲು ಅಡ್ಡಪಟ್ಟಿಗೆ ಬೋಲ್ಟು ಹಾಕಿಸಿದರು. ನನ್ನನ್ನು ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಫೋನು ಬಂತು. ಸೇತುವೆಗೆ ಲೋಡ್ ಟೆಸ್ಟ್ ಮಾಡುವಾಗ ಭಾರವನ್ನು 24 ಗಂಟೆ ಇಟ್ಟು, ತೆಗೆದ ಮೇಲೆ ಮತ್ತೆ 24 ಗಂಟೆ ಕಾದು ನೋಡುತ್ತಾರೆ, ಕಾಂಕ್ರೀಟಾದರೆ ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ವಾಪಸು ಬಂದಿರಬೇಕು ಎಂದು ನಾನೇ ಯಾವಾಗಲೋ ಹೇಳಿದ್ದೆನಂತೆ. ಮಾವ ಎಲ್ಲ ಅಣಿ ಮಾಡಿದ್ದರು. ನಾನು ಹೋಗುವಷ್ಟರಲ್ಲಿ ಗಾಡಿ, ಗೊಬ್ಬರದ ಚೀಲ, ಹಳೇ ಬೀಸುಕಲ್ಲು ಎಲ್ಲ ತೂಗಿ ಸಂಕದ ಮೇಲಿಟ್ಟಾಗಿತ್ತು.

“ಎಪ್ಪತ್ತೈದು ಕಿಲೋ ಕಮ್ಮಿ ಬೀಳ್ತದೆ,” ಅಂದರು ಮಾವ, ನನ್ನ ಹೊಟ್ಟೆಯ ಕಡೆ ನೋಡುತ್ತ.

ಭಾವ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಎಲ್ಲಿ ಇಡಬೇಕು ಅನ್ನುವುದಕ್ಕೆ ಚರ್ಚೆ ಶುರುವಾಯಿತು. ಮಧ್ಯದಲ್ಲಿಟ್ಟರೆ ಪಿ ಎಲ್ ಬೈ ಫೋರ್, ಬುಡದಲ್ಲಿಟ್ಟರೆ ದರೆಗೆ ಪೂರ್ತಿ ಪಾಲು, ಅಂಚಿಗೆ ಸರಿಸಿದರೆ ಕೂರ್ಬೋನ್. ಎಲ್ಲರಿಗೂ ಎಲ್ಲವೂ ನೆನಪಿತ್ತು, ಪಾಠ ಚೆನ್ನಾಗಿಯೇ ಆಗಿತ್ತು. ಕೊನೆಗೆ ಮಾವ ತೀರ್ಮಾನ ಕೊಟ್ಟರು: ರಾತ್ರಿ ಊಟದವರೆಗೆ ಮಧ್ಯ, ಆಮೇಲೆ ಬೆಳಗಿನವರೆಗೆ ಬುಡ.

ನಾನು ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಚಾ ಲೋಟ ಹಿಡಿದು ಬಂದು ದರೆಯ ಕಲ್ಲಿನ ಮೇಲೆ ನಿಂತರು. ಒಂದು ಕಾಲು ಎತ್ತಿ, ಯೋಚಿಸಿ, ವಾಪಸು ಇಟ್ಟು ಕೇಳಿದರು:

“ನಾನು ಅಲ್ಲಿಗೆ ಬಂದ್ರೆ ನಿಮ್ಮ ಲೆಕ್ಕ ತಪ್ಪೂದಿಲ್ಲ ಅಲ್ದಾ?”